ಮನೆಯಲ್ಲೇ ಸಕ್ಕರೆರಹಿತ ಸ್ಟರ್ ಫ್ರೈ ಸಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟರ್ ಫ್ರೈ ಎಂದರೆ ದೊಡ್ಡ ಉರಿಯಲ್ಲಿ ಐದಾರು ನಿಮಿಷದಲ್ಲಿ ಮುಗಿಯುವ ಅಡುಗೆ. ತರಕಾರಿಯ ಬಣ್ಣ, ಗರಿಗರಿತನ ಎರಡೂ ಉಳಿಯುತ್ತವೆ, ಎಣ್ಣೆಯೂ ಹೆಚ್ಚು ಬೇಡ. ಇಷ್ಟೆಲ್ಲ ಚೆನ್ನಾಗಿ ಮಾಡಿ ಕೊನೆಗೆ ಬಾಟಲಿಯ ಸಿಹಿ ಸಾಸ್ ಸುರಿದರೆ ಎಲ್ಲ ತರಕಾರಿಗೂ ಒಂದೇ ರುಚಿ ಬಂದುಬಿಡುತ್ತದೆ. ಸಕ್ಕರೆ ಬಿಡಲು ಹೊರಟವರು ಈ ಸಾಸ್ ಬಗ್ಗೆ ಕೇಳುವ ಪ್ರಶ್ನೆಗಳು ಮತ್ತು ಅವಕ್ಕೆ ಉತ್ತರಗಳು ಇಲ್ಲಿವೆ.

ಬಾಟಲಿ ಸಾಸ್‌ಗೆ ಸಕ್ಕರೆ ಹಾಕುವುದಾದರೂ ಏಕೆ?

ಸಿಹಿಗಾಗಿ ಮಾತ್ರ ಅಲ್ಲ. ಸಕ್ಕರೆ ಉಪ್ಪಿನ ಮೊನಚನ್ನು, ಹುಳಿಯ ತೀಕ್ಷ್ಣತೆಯನ್ನು ಮೆತ್ತಗೆ ಮಾಡುತ್ತದೆ. ಸಾಸ್‌ಗೆ ಮೈ ಕೊಡುತ್ತದೆ, ಹೊಳಪು ತರುತ್ತದೆ, ಬಿಸಿ ಬಾಣಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಪರಿಮಳ ಹುಟ್ಟಿಸುತ್ತದೆ. ಜೊತೆಗೆ ನೀರಿನ ಅಂಶವನ್ನು ಹಿಡಿದಿಟ್ಟುಕೊಂಡು ಬಾಟಲಿ ಬೇಗ ಕೆಡದಂತೆಯೂ ನೋಡಿಕೊಳ್ಳುತ್ತದೆ. ಹೋಯ್ಸಿನ್, ತೆರಿಯಾಕಿ, ಸಿಹಿ ಚಿಲ್ಲಿ ಸಾಸ್‌ಗಳಲ್ಲಿ ಸಕ್ಕರೆಯದೇ ಮುಖ್ಯ ಪಾತ್ರ. ಖಾರದ ರುಚಿಯವು, ಆಯ್‌ಸ್ಟರ್ ಸಾಸ್‌ನಂಥವು ಸಿಹಿ ಅನ್ನಿಸದಿದ್ದರೂ ಅವುಗಳಲ್ಲೂ ಸಾಮಾನ್ಯವಾಗಿ ಸಕ್ಕರೆ ಇದ್ದೇ ಇರುತ್ತದೆ.

ಸಕ್ಕರೆ ತೆಗೆದರೆ ಸಾಸ್ ಬರೀ ಉಪ್ಪುಪ್ಪಾಗುತ್ತದೆ. ಇದಕ್ಕೆ ಪರಿಹಾರ ಇದೆಯೇ?

ಇದೆ, ಆದರೆ ಅದು ಸಿಹಿ ಡಬ್ಬದಲ್ಲಿಲ್ಲ. ಹೆಚ್ಚಿನವರು ಬಾಟಲಿ ಸಾಸ್‌ನ ಅಳತೆಯನ್ನೇ ಇಟ್ಟುಕೊಂಡು ಸಕ್ಕರೆಯನ್ನಷ್ಟೇ ಬಿಡುತ್ತಾರೆ. ಆಗ ಸೋಯಾ ಸಾಸ್‌ನ ಉಪ್ಪಿಗೆ ಎದುರಾಳಿಯೇ ಇರುವುದಿಲ್ಲ, ನಾಲಿಗೆ ಚುರುಗುಟ್ಟುತ್ತದೆ. ಕೂಡಲೇ ಬೇರೆ ಯಾವುದೋ ಸಿಹಿಕಾರಕಕ್ಕೆ ಕೈ ಹೋಗುತ್ತದೆ. ಉಪ್ಪನ್ನು ಮುಚ್ಚಿಡಲು ಸಿಹಿ, ಸಿಹಿಯನ್ನು ತಡೆಯಲು ಮತ್ತಷ್ಟು ಉಪ್ಪು, ಹೀಗೆ ಎರಡೂ ಬೆಳೆಯುತ್ತಾ ಹೋಗುತ್ತವೆ.

ಸಕ್ಕರೆ ಹೋದ ಮೇಲೆ ಉಪ್ಪೂ ಇಳಿಯಬೇಕು. ಸೋಯಾ ಸಾಸ್ ಕಡಿಮೆ ಮಾಡಿ, ಆ ಜಾಗಕ್ಕೆ ಉಪ್ಪಿಲ್ಲದ, ಆದರೆ ರುಚಿ ತುಂಬಿದ ದ್ರವ ತನ್ನಿ. ಒಣ ಶಿಟಾಕೆ ಅಣಬೆ ನೆನೆಸಿದ ನೀರು ಇದಕ್ಕೆ ಹೇಳಿ ಮಾಡಿಸಿದ್ದು. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಉಮಾಮಿ ಎಂಬ ಬಾಯಿ ತುಂಬುವ ಗಾಢ ರುಚಿಗೆ ಅದೇ ಕಾರಣ ಎಂದು ತೋರಿಸಿದರು. ಸೋಯಾ ಸಾಸ್‌ನಲ್ಲಿ ಈ ಗ್ಲುಟಮೇಟ್ ಧಾರಾಳವಾಗಿದೆ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ವಸ್ತು ಇದೆ. ಇವೆರಡೂ ಕೂಡಿದರೆ ರುಚಿ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಆದ್ದರಿಂದಲೇ ಕಡಿಮೆ ಸೋಯಾದಲ್ಲೂ ಬಾಯಿ ತುಂಬುವ ಸಾಸ್ ಮಾಡಬಹುದು.

ಸರಿ, ಅಳತೆ ಹೇಳಿ.

ಸುಮಾರು ಒಂದು ಕಪ್, ಅಂದರೆ 240 ಮಿ.ಲೀ. ಸಾಸ್‌ಗೆ:

- ಸೋಯಾ ಸಾಸ್ 60 ಮಿ.ಲೀ. (4 ದೊಡ್ಡ ಚಮಚ)
- ಒಣ ಅಣಬೆ ನೆನೆಸಿದ ನೀರು ಅಥವಾ ಉಪ್ಪಿಲ್ಲದ ತರಕಾರಿ ಸಾರು 150 ಮಿ.ಲೀ.
- ಸಕ್ಕರೆ ಸೇರಿಸದ ಅಕ್ಕಿ ವಿನೆಗರ್ 15 ಮಿ.ಲೀ. (1 ದೊಡ್ಡ ಚಮಚ)
- ಹುರಿದ ಎಳ್ಳಿನ ಎಣ್ಣೆ 2 ಸಣ್ಣ ಚಮಚ
- ಬಿಳಿ ಅಥವಾ ಕರಿ ಮೆಣಸಿನ ಪುಡಿ ಅರ್ಧ ಸಣ್ಣ ಚಮಚ
- ಕಾರ್ನ್‌ಫ್ಲೋರ್ 1 ದೊಡ್ಡ ಚಮಚ (ಸುಮಾರು 8 ಗ್ರಾಂ)

ಬೆಳ್ಳುಳ್ಳಿ, ಶುಂಠಿ ಪಟ್ಟಿಯಲ್ಲಿಲ್ಲ ಎಂದು ಗಾಬರಿಯಾಗಬೇಡಿ. ಅವಿಲ್ಲದೆ ಈ ಸಾಸ್ ಇಲ್ಲ. ಆದರೆ ಅವನ್ನು ಬಾಟಲಿಗೆ ಹಾಕುವ ಬದಲು ಪ್ರತಿ ಸಲ ಹೊಸದಾಗಿ ಜಜ್ಜಿ ಬಾಣಲೆಗೇ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಣ್ಣೆಯಲ್ಲಿ ಹಸಿ ವಾಸನೆ ಹೋಗಿ ಅರಳಿದ ಬೆಳ್ಳುಳ್ಳಿಯ ಘಮಕ್ಕೂ ಬಾಟಲಿಯಲ್ಲಿ ಎರಡು ದಿನ ನೆನೆದ ಬೆಳ್ಳುಳ್ಳಿಯ ವಾಸನೆಗೂ ಅಜಗಜಾಂತರ. ಬಾಟಲಿ ಕೆಡುವ ಭಯವೂ ಕಡಿಮೆಯಾಗುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಅರ್ಧ ಕಿಲೋ ತರಕಾರಿಗೆ 80 ಮಿ.ಲೀ., ಅಂದರೆ ಮೂರನೇ ಒಂದು ಕಪ್ ಸಾಸ್ ಸಾಕು. ಇಬ್ಬರಿಗೆ ಆಗುವಷ್ಟು ಅಡುಗೆ ಮೂರು ಸಲ ಮಾಡಬಹುದು. ಪ್ರತಿ ಸಲಕ್ಕೂ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ.

ಅಣಬೆ ನೀರು ಮಾಡುವುದು ಹೇಗೆ?

ನಾಲ್ಕೈದು ಒಣ ಶಿಟಾಕೆಯನ್ನು ತೊಳೆದು, ಒಂದು ಕಪ್ ತಣ್ಣೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಕುದಿಯುವ ನೀರು ಸುರಿದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತವೆ ನಿಜ, ಆದರೆ ತಣ್ಣೀರಿನಲ್ಲಿ ನಿಧಾನವಾಗಿ ಇಳಿದ ಸಾರೇ ರುಚಿಯಲ್ಲಿ ಮೇಲು. ಬೆಳಗ್ಗೆ ಅಣಬೆಯನ್ನು ಹಿಂಡಿ ತೆಗೆದು, ತಳದಲ್ಲಿ ಕೂತ ಮರಳು ಬಾರದಂತೆ ಮೇಲಿನ ನೀರನ್ನಷ್ಟೇ ಮೆಲ್ಲಗೆ ಬಸಿದುಕೊಳ್ಳಿ. ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಒಂದು ಕುದಿ ಬಂದ ಮೇಲೆ ಆರಿಸಿ ಬಳಸಿ. ಅಣಬೆಯ ತೊಟ್ಟು ಕಿತ್ತು ತೆಳ್ಳಗೆ ಸೀಳಿದರೆ ಅದೇ ಸ್ಟರ್ ಫ್ರೈಗೆ ಆಗುತ್ತದೆ.

ಸಾಸ್ ಅನ್ನು ಮೊದಲೇ ಕುದಿಸಿ ಗಟ್ಟಿ ಮಾಡಿಟ್ಟುಕೊಳ್ಳಬೇಕೇ?

ಬೇಡ. ಎಲ್ಲವನ್ನೂ ಒಂದು ಬಾಟಲಿಗೆ ಹಾಕಿ ಕುಲುಕಿದರೆ ಸಾಸ್ ಸಿದ್ಧ. ಗಟ್ಟಿಯಾಗುವ ಕೆಲಸ ಬಾಣಲೆಯಲ್ಲೇ ಆಗಲಿ. ಕಾರ್ನ್‌ಫ್ಲೋರ್ ತಳದಲ್ಲಿ ಸುಣ್ಣದ ಹಾಗೆ ಕೂರುತ್ತದೆ, ಆದ್ದರಿಂದ ಸುರಿಯುವ ಕ್ಷಣಕ್ಕೆ ಮತ್ತೆ ಚೆನ್ನಾಗಿ ಕುಲುಕಬೇಕು. ಕುಲುಕದೆ ಸುರಿದರೆ ಮೊದಲ ಅಡುಗೆ ನೀರುನೀರಾಗಿ, ಕೊನೆಯದು ಗೋಂದಿನಂತಾಗುತ್ತದೆ.

ಬಾಣಲೆಯಲ್ಲಿ ಯಾವುದರ ನಂತರ ಯಾವುದು?

ಸಕ್ಕರೆಯಿಲ್ಲದ ಸಾಸ್‌ಗೆ ಈ ಪ್ರಶ್ನೆ ಅಳತೆಗಿಂತಲೂ ಮುಖ್ಯ. ಸಕ್ಕರೆ ಕಂದಾಗಿ ಕೊಡುತ್ತಿದ್ದ ಪರಿಮಳವನ್ನು ಈಗ ತರಕಾರಿಯೇ ಕೊಡಬೇಕು.

ಬಾಣಲೆ ಚೆನ್ನಾಗಿ ಕಾಯಲಿ. ಒಂದು ಹನಿ ನೀರು ಬಿದ್ದರೆ ಚುಂಯ್ ಎಂದು ತಕ್ಷಣ ಆರಬೇಕು. ಆಮೇಲೆ ಎಣ್ಣೆ, ಅದರ ಹಿಂದೆಯೇ ತರಕಾರಿ. ತರಕಾರಿಯ ಮೇಲೆ ನೀರಿನ ಪಸೆ ಇರಬಾರದು, ಬಟ್ಟೆಯಿಂದ ಒರೆಸಿಕೊಂಡಿರಿ. ಒಟ್ಟಿಗೇ ರಾಶಿ ಹಾಕಿದರೆ ಉರಿ ಸೋಲುತ್ತದೆ, ತರಕಾರಿ ನೀರು ಬಿಟ್ಟು ತನ್ನ ಆವಿಯಲ್ಲೇ ಬೇಯುತ್ತದೆ. ಅರ್ಧ ಕಿಲೋ ಇದ್ದರೆ ಎರಡು ಕಂತಿನಲ್ಲಿ ಹುರಿಯಿರಿ. ಹಾಕಿದ ಕೂಡಲೇ ಕೈಯಾಡಿಸದೆ ಅರ್ಧ ನಿಮಿಷ ಸುಮ್ಮನಿರಿ. ಅಂಚುಗಳಲ್ಲಿ ಅಲ್ಲಲ್ಲಿ ಕಂದು ಮಚ್ಚೆ ಬೀಳುತ್ತದೆ. ನಾವು ಕಳೆದುಕೊಂಡ ಸಕ್ಕರೆಯ ಪರಿಮಳಕ್ಕೆ ಬದಲಿ ಆ ಮಚ್ಚೆಯಲ್ಲಿದೆ. ಕ್ಯಾರೆಟ್, ಈರುಳ್ಳಿ, ದಪ್ಪ ಮೆಣಸಿನಕಾಯಿ, ಎಲೆಕೋಸು ಎಲ್ಲದರಲ್ಲೂ ಅವುಗಳದೇ ಸಿಹಿ ಇದೆ, ಸರಿಯಾದ ಉರಿ ತಾಗಿದರೆ ಅದು ಹೊರಗೆ ಬರುತ್ತದೆ.

ತರಕಾರಿ ಮುಕ್ಕಾಲು ಬೆಂದಾಗ ಪಕ್ಕಕ್ಕೆ ಸರಿಸಿ, ನಡುವೆ ಒಂದು ಚಮಚ ಎಣ್ಣೆಗೆ ಬೆಳ್ಳುಳ್ಳಿ ಶುಂಠಿ ಹಾಕಿ. 20–30 ಸೆಕೆಂಡ್ ಸಾಕು. ಬೆಳ್ಳುಳ್ಳಿ ಕಂದಾದರೆ ಕಹಿ, ಆ ಕಹಿಯನ್ನು ಮುಚ್ಚಲು ಇಲ್ಲಿ ಸಕ್ಕರೆಯೂ ಇಲ್ಲ. ಈಗ ಬಾಟಲಿ ಕುಲುಕಿ, ಸಾಸ್ ಅನ್ನು ತರಕಾರಿಯ ಮೇಲಲ್ಲ, ಬಾಣಲೆಯ ಬಿಸಿ ಅಂಚಿನ ಸುತ್ತ ಸುರಿಯಿರಿ. ಕೆಳಗೆ ಜಾರುವಷ್ಟರಲ್ಲಿ ಸೋಯಾ ಸ್ವಲ್ಪ ಸುಟ್ಟಂತಾಗಿ ಅದರ ವಾಸನೆಯೇ ಬದಲಾಗುತ್ತದೆ. ಮೊದಲಿಗೆ ಸಾಸ್ ಹಾಲು ಬೆರೆಸಿದಂತೆ ಮಬ್ಬಾಗಿರುತ್ತದೆ. ಗುಳ್ಳೆ ಏಳತೊಡಗಿ ಮುಕ್ಕಾಲು ನಿಮಿಷ ಕಳೆಯುವಷ್ಟರಲ್ಲಿ ಮಬ್ಬು ಹರಿದು ಗಾಜಿನಂತೆ ಹೊಳೆಯುತ್ತದೆ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆದರೆ ಅದು ನಿಧಾನವಾಗಿ ಮುಚ್ಚಿಕೊಳ್ಳಬೇಕು. ಅದೇ ಹದ. ಒಲೆ ಆರಿಸಿ.

ಹೊಳಪು ಸಕ್ಕರೆಯಿಂದಲ್ಲವೇ ಬರುವುದು?

ಪಿಷ್ಟದಿಂದಲೂ ಬರುತ್ತದೆ, ಎಳ್ಳೆಣ್ಣೆಯಿಂದಲೂ ಬರುತ್ತದೆ. ಹೊಳಪು ಸಾಲದು ಅನ್ನಿಸಿದರೆ ಇಳಿಸಿದ ಮೇಲೆ ಅರ್ಧ ಚಮಚ ಎಳ್ಳೆಣ್ಣೆ ಹನಿಸಿ. ತೆರಿಯಾಕಿಯಂಥ ಅಂಟುಅಂಟಾದ ಮೆರುಗು ಮಾತ್ರ ಇದರಿಂದ ಸಿಗುವುದಿಲ್ಲ.

ಯಾವ ಸೋಯಾ ಸಾಸ್ ತೆಗೆದುಕೊಳ್ಳಲಿ?

ಪದಾರ್ಥಗಳ ಪಟ್ಟಿ ಚಿಕ್ಕದಾಗಿರುವುದು. ಸೋಯಾ, ಗೋಧಿ, ಉಪ್ಪು, ನೀರು, ಇಷ್ಟಿದ್ದರೆ ಸಾಕು. ಕೋಜಿ ಎಂಬ ಬೂಷ್ಟಿನ ನೆರವಿನಿಂದ ತಿಂಗಳುಗಟ್ಟಲೆ ಹುದುಗಿಸಿದ ಸಾಸ್‌ಗೆ ತನ್ನದೇ ಆಳವಾದ ಪರಿಮಳ ಇರುತ್ತದೆ. ರಾಸಾಯನಿಕವಾಗಿ ಬೇಗ ತಯಾರಿಸಿದ ಅಗ್ಗದ ಸಾಸ್‌ಗಳಿಗೆ ಬಣ್ಣಕ್ಕೂ ರುಚಿಗೂ ಕ್ಯಾರಮೆಲ್, ಕಾರ್ನ್ ಸಿರಪ್ ಬೆರೆಸುವುದು ರೂಢಿ. ಡಾರ್ಕ್ ಸೋಯಾ ಸಾಸ್ ಎಂದು ಸಿಗುವ ಗಟ್ಟಿ, ಕಪ್ಪು ಬಗೆಯಲ್ಲಿ ಕಾಕಂಬಿ ಅಥವಾ ಸಕ್ಕರೆ ಇರುವುದೇ ಹೆಚ್ಚು. ಸಕ್ಕರೆ ಬಿಟ್ಟವರು ಅದನ್ನು ಲೇಬಲ್ ಓದದೆ ಕೊಳ್ಳಬಾರದು.

ಸೋಡಿಯಂ ಕಡೆಗೂ ಗಮನವಿರಲಿ. ಮಾಮೂಲಿ ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿ.ಗ್ರಾಂ. ಸೋಡಿಯಂ ಇದೆ. ದೊಡ್ಡವರಿಗೆ ದಿನಕ್ಕೆ 2000 ಮಿ.ಗ್ರಾಂ.ಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ 600 ಮಿ.ಗ್ರಾಂ. ಆಸುಪಾಸು ಬರುತ್ತದೆ, ದಿನದ ಮಿತಿಯ ಮೂರನೇ ಒಂದು ಭಾಗದಷ್ಟು. ಹಾಗಾಗಿ ತರಕಾರಿಗೆ ಬೇರೆ ಉಪ್ಪು ಹಾಕಬೇಡಿ. ಕಡಿಮೆ ಸೋಡಿಯಂನ ಸೋಯಾ ಸಾಸ್ ಸಿಕ್ಕರೆ ಅದನ್ನೇ ಬಳಸಿ. ಆಗ 60ರ ಬದಲು 80 ಮಿ.ಲೀ. ಹಾಕಿ, ಅಣಬೆ ನೀರನ್ನು 130ಕ್ಕೆ ಇಳಿಸಬಹುದು.

ಗೋಧಿ ಅಥವಾ ಸೋಯಾ ಆಗದವರು?

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಮಾತ್ರ ಆಗದವರಿಗೆ ತಮಾರಿ ಎಂಬ, ಸಾಮಾನ್ಯವಾಗಿ ಗೋಧಿಯಿಲ್ಲದ ಜಪಾನಿ ಸೋಯಾ ಸಾಸ್ ಒಳ್ಳೆಯದು. ಆದರೆ ಕೆಲವು ತಮಾರಿಗಳಲ್ಲೂ ಸ್ವಲ್ಪ ಗೋಧಿ ಇರುತ್ತದೆ, ಗ್ಲುಟೆನ್‌ರಹಿತ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಸೋಯಾವೇ ಆಗದವರು ಕೋಕೊನಟ್ ಅಮಿನೋಸ್ ಬಳಸುತ್ತಾರೆ. ಅದು ತೆಂಗಿನ ಹೊಂಬಾಳೆಯ ರಸದಿಂದ ಮಾಡಿದ್ದು. ಸೋಡಿಯಂ ಸಾಮಾನ್ಯವಾಗಿ ಕಡಿಮೆ, ಆದರೆ ರಸದ ಸಕ್ಕರೆ ಅದರಲ್ಲಿ ಉಳಿದಿರುತ್ತದೆ, ರುಚಿಯೂ ಸಿಹಿಯೇ. ಸಕ್ಕರೆರಹಿತ ಎಂದು ಅದನ್ನು ನಂಬಬೇಡಿ. ಎಳ್ಳಿನ ಅಲರ್ಜಿ ಇದ್ದವರು ಎಳ್ಳೆಣ್ಣೆಯನ್ನು ಪೂರ್ತಿ ಬಿಟ್ಟು, ಬೇರೆ ಎಣ್ಣೆಯಲ್ಲಿ ಈರುಳ್ಳಿ ಸೊಪ್ಪನ್ನು ಬಾಡಿಸಿಕೊಂಡರೆ ಘಮ ಬರುತ್ತದೆ.

ವಿನೆಗರ್‌ನಲ್ಲೂ ಸಕ್ಕರೆ ಇರುತ್ತದೆಯೇ?

ಎಚ್ಚರ ತಪ್ಪುವ ಜಾಗ ಇದು. ಅಕ್ಕಿ ವಿನೆಗರ್‌ನಲ್ಲಿ ಎರಡು ಬಗೆ. ಸುಷಿ ಅನ್ನಕ್ಕೆಂದು ಮಾರುವ ಸೀಸನ್ಡ್ ಬಗೆಯಲ್ಲಿ ಸಕ್ಕರೆ, ಉಪ್ಪು ಎರಡೂ ಬೆರೆತಿರುತ್ತವೆ. ಬಾಟಲಿಗಳು ನೋಡಲು ಒಂದೇ ತರಹ. ಬೇಕಿರುವುದು ಬರೀ ಅಕ್ಕಿ ವಿನೆಗರ್. ಅದು ಸಿಗದಿದ್ದರೆ ಆಪಲ್ ಸೈಡರ್ ವಿನೆಗರ್ ನಡೆಯುತ್ತದೆ. ಬಿಳಿ ವಿನೆಗರ್ ಆದರೆ ಅಳತೆ ಕಾಲು ಭಾಗ ಕಡಿಮೆ ಮಾಡಿ, ಅದು ಹೆಚ್ಚು ಚುರುಕು. ಮಿರಿನ್ ಎಂಬ ಜಪಾನಿನ ಸಿಹಿ ಅಕ್ಕಿ ಮದ್ಯವನ್ನು ಇದರ ಬದಲಿಗೆ ಹಾಕಲೇಬೇಡಿ, ಅದರಲ್ಲಿ ಸಕ್ಕರೆ ಅಂಶ ತುಂಬಾ ಹೆಚ್ಚು.

ಬೆಲ್ಲ, ಜೇನುತುಪ್ಪ, ಖರ್ಜೂರದ ಪಾಕ ನೈಸರ್ಗಿಕವಲ್ಲವೇ? ಅವನ್ನು ಹಾಕಬಹುದೇ?

ನೈಸರ್ಗಿಕ ಹೌದು, ಸಕ್ಕರೆಯೂ ಹೌದು. ಜೇನುತುಪ್ಪ, ಸಿರಪ್, ಹಣ್ಣಿನ ರಸ ಮತ್ತು ಅದರ ಸಾಂದ್ರ ರೂಪ, ಇವೆಲ್ಲದರ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಇವುಗಳ ರುಚಿ ನಿಮಗೆ ಇಷ್ಟವಾದರೆ ಹಾಕಿಕೊಳ್ಳಿ, ಆದರೆ ಆಗ ಅದು ಸಕ್ಕರೆರಹಿತ ಸಾಸ್ ಅಲ್ಲ. ಮಧುಮೇಹ ಇರುವವರಿಗೆ ಬಡಿಸುವಾಗ ಇದನ್ನು ಮರೆಮಾಚಬಾರದು.

ಸ್ಟೀವಿಯಾ, ಎರಿಥ್ರಿಟಾಲ್‌ನಂಥ ಬದಲಿ ಸಿಹಿಕಾರಕ ಹಾಕಿದರೆ?

ಮೊದಲು ಎರಡು ಮೂರು ಸಲ ಸಿಹಿಯಿಲ್ಲದೆಯೇ ಮಾಡಿ ತಿನ್ನಿ ಎನ್ನುತ್ತೇನೆ. ನಾಲಿಗೆ ಹೊಂದಿಕೊಳ್ಳುತ್ತದೆ, ತರಕಾರಿಯ ಸಿಹಿ ಆಗ ಗೊತ್ತಾಗತೊಡಗುತ್ತದೆ. ಅಷ್ಟಾದ ಮೇಲೂ ಬೇಕೆನಿಸಿದರೆ ಒಂದೊಂದರ ಸ್ವಭಾವ ತಿಳಿದು ಹಾಕಿ.

ಸ್ಟೀವಿಯಾ ಸಾರ ಸಕ್ಕರೆಗಿಂತ 200–300 ಪಟ್ಟು ಸಿಹಿ. ಚಿಟಿಕೆಯ ತುದಿಯಷ್ಟು ಹೆಚ್ಚಾದರೂ ಬಾಯಲ್ಲಿ ಕಹಿ ಉಳಿಯುತ್ತದೆ, ಸೋಯಾ ಜೊತೆ ಅದು ಎದ್ದು ಕಾಣುತ್ತದೆ. ಎರಿಥ್ರಿಟಾಲ್ ಸಕ್ಕರೆಯ ಸುಮಾರು ಶೇ 70ರಷ್ಟು ಸಿಹಿ. ಹೆಚ್ಚು ಹಾಕಿದರೆ ಫ್ರಿಜ್‌ನಲ್ಲಿ ಹರಳುಗಟ್ಟುತ್ತದೆ, ಬಾಯಿಗೆ ತಂಪೆನಿಸುತ್ತದೆ, ಬಿಸಿ ಅಡುಗೆಗೆ ಅದು ಒಪ್ಪುವುದಿಲ್ಲ. ಮಾಂಕ್ ಫ್ರೂಟ್ ಸಾರ ಇವೆರಡಕ್ಕಿಂತ ಸೋಯಾ ಜೊತೆ ಚೆನ್ನಾಗಿ ಬೆರೆಯುತ್ತದೆ. ಅದರ ಪೊಟ್ಟಣದಲ್ಲಿ ಬೇರೇನು ಬೆರೆಸಿದ್ದಾರೆ ಎಂದು ನೋಡಿಕೊಳ್ಳಿ. ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಈ ಅಡುಗೆಗೆ ಪ್ರಯೋಜನವಿಲ್ಲ. ಮನೆಯಲ್ಲಿ ನಾಯಿ ಇದ್ದರೆ ಝೈಲಿಟಾಲ್ ಎಂಬ ಸಿಹಿಕಾರಕವನ್ನು ಅಡುಗೆಮನೆಗೇ ತರಬೇಡಿ. ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಪ್ರಾಣಕ್ಕೆ ಅಪಾಯ.

ತೂಕ ಇಳಿಸಲೆಂದು ಇವನ್ನು ಬಳಸುವವರಿಗೆ ಒಂದು ಮಾತು. ತೂಕ ನಿಯಂತ್ರಣದ ಸಾಧನವಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಸ್ಟೀವಿಯಾ ಆ ಪಟ್ಟಿಯಲ್ಲಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಕಾರ್ನ್‌ಫ್ಲೋರ್ ಕೂಡ ಕಾರ್ಬೋಹೈಡ್ರೇಟ್ ತಾನೇ?

ಹೌದು. ಒಂದು ದೊಡ್ಡ ಚಮಚದಲ್ಲಿ ಸುಮಾರು 7 ಗ್ರಾಂ. ಆದರೆ ಅದು ಆರು ಪಾಲಿಗೆ ಹಂಚಿಹೋಗುತ್ತದೆ, ಒಬ್ಬರಿಗೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅದೂ ಬೇಡ ಎನ್ನುವವರಿಗೆ ಕ್ಸಾಂಥನ್ ಗಮ್ ಎಂಬ ಗಟ್ಟಿಕಾರಕ ಪುಡಿ ಇದೆ. ಒಂದು ಕಪ್ ಸಾಸ್‌ಗೆ ಕಾಲು ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಲೋಳೆಲೋಳೆಯಾಗುತ್ತದೆ. ನೀರಿಗೆ ನೇರವಾಗಿ ಉದುರಿಸಿದರೆ ಗಂಟುಕಟ್ಟಿ ಬಿಡಿಸಲಾಗುವುದಿಲ್ಲ. ಮೊದಲು ಎಳ್ಳೆಣ್ಣೆಯಲ್ಲಿ ಕಲಸಿ, ಆಮೇಲೆ ಉಳಿದದ್ದನ್ನು ಸೇರಿಸಿ ಜೋರಾಗಿ ಕಲಕಿ. ಇದಕ್ಕೆ ಬಿಸಿಯೂ ಬೇಕಿಲ್ಲ, ಕೆಲ ನಿಮಿಷದಲ್ಲಿ ತಾನೇ ದಪ್ಪಗಾಗುತ್ತದೆ.

ಆರಾರೂಟ್ ಪುಡಿಯೂ ಆಗುತ್ತದೆ. ಅದು ಪಾರದರ್ಶಕವಾಗಿ ನಿಲ್ಲುತ್ತದೆ, ಆದರೆ ಬಹಳ ಹೊತ್ತು ಕುದಿಸಿದರೆ ಮತ್ತೆ ತೆಳ್ಳಗಾಗಿಬಿಡುತ್ತದೆ.

ಎಂಎಸ್‌ಜಿ ಹಾಕಬಹುದೇ?

ಹಾಕಬಹುದು, ಕಡ್ಡಾಯವಲ್ಲ. ಅದು ಇಕೆಡಾ ಕಂಡುಕೊಂಡ ಅದೇ ಗ್ಲುಟಮೇಟ್‌ನ ಸೋಡಿಯಂ ರೂಪ. ಅಡುಗೆ ಉಪ್ಪಿನ ತೂಕದಲ್ಲಿ ಸೋಡಿಯಂ ಸುಮಾರು ಶೇ 39, ಎಂಎಸ್‌ಜಿಯಲ್ಲಿ ಸುಮಾರು ಶೇ 12. ಅಣಬೆ ನೀರು ಬಳಸದ ದಿನ, ಸೋಯಾವನ್ನು ಒಂದು ಚಮಚ ಕಡಿಮೆ ಮಾಡಿ ಒಂದು ಚಿಟಿಕೆ ಎಂಎಸ್‌ಜಿ ಹಾಕಿದರೆ ರುಚಿ ತಗ್ಗುವುದಿಲ್ಲ, ಸೋಡಿಯಂ ತಗ್ಗುತ್ತದೆ.

ಸಾಸ್ ಹದ ತಪ್ಪಿದರೆ ಸರಿಪಡಿಸುವುದು ಹೇಗೆ?

ಉಪ್ಪಾದರೆ ನೀರು ಸುರಿಯುವ ಮೊದಲು ಇನ್ನಷ್ಟು ತರಕಾರಿ ಸೇರಿಸಲು ಸಾಧ್ಯವೇ ನೋಡಿ, ಎಲೆಕೋಸು ಅಥವಾ ಮೊಳಕೆ ಕಾಳು ಬೇಗ ಬೇಯುತ್ತದೆ. ನಿಂಬೆರಸ ನಾಲ್ಕು ಹನಿ ಹಿಂಡಿದರೆ ಉಪ್ಪು ಕಡಿಮೆಯಾಗದಿದ್ದರೂ ಬಾಯಿಗೆ ಅಷ್ಟು ಹೊಡೆಯುವುದಿಲ್ಲ. ಹುಳಿ ಹೆಚ್ಚಾದರೆ ಒಂದು ಚಮಚ ಸಿಹಿಯಿಲ್ಲದ ಶೇಂಗಾ ಅಥವಾ ಎಳ್ಳಿನ ಪೇಸ್ಟ್ ಕಲಸಿ, ಅದರ ಕೊಬ್ಬು ಹುಳಿಯನ್ನು ತಡೆಯುತ್ತದೆ. ಸಪ್ಪೆ ಅನ್ನಿಸಿದರೆ ಕೂಡಲೇ ಸೋಯಾ ಬಾಟಲಿ ಎತ್ತಿಕೊಳ್ಳಬೇಡಿ, ಹೆಚ್ಚಿನ ಸಲ ಕೊರತೆ ಇರುವುದು ಹುಳಿಯದು ಅಥವಾ ಮೆಣಸಿನದು. ನೀರಾಗಿದ್ದರೆ ಅದು ಇನ್ನೂ ಕುದಿ ಕಂಡಿಲ್ಲ ಎಂದೇ ಅರ್ಥ, ಅರ್ಧ ನಿಮಿಷ ಕಾಯಿರಿ. ಬೆಳ್ಳುಳ್ಳಿ ಸೀದು ಹೋದರೆ ಮಾತ್ರ ದಾರಿಯಿಲ್ಲ, ಆ ಎಣ್ಣೆ ಚೆಲ್ಲಿ ಮತ್ತೆ ಶುರುಮಾಡಿ.

ಎಷ್ಟು ದಿನ ಇಡಬಹುದು?

ಸೋಯಾ ಸಾಸ್ ತಾನಾಗಿ ಕೆಡದಿರುವುದು ಅದರ ಉಪ್ಪಿನ ಬಲದಿಂದ. ನಾವು ಅದಕ್ಕೆ ಎರಡೂವರೆ ಪಟ್ಟು ನೀರು ಬೆರೆಸಿದ್ದೇವೆ, ಸಕ್ಕರೆಯ ರಕ್ಷಣೆಯೂ ಇಲ್ಲ. ಆದ್ದರಿಂದ ಹೊರಗಿಡುವ ಮಾತೇ ಇಲ್ಲ. ಶುಚಿಯಾದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗೆ, ನಾಲ್ಕೈದು ದಿನ.

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ನಿಜಕ್ಕೂ ಅಪಾಯ. ಗಾಳಿಯಾಡದ, ಹುಳಿಯಿಲ್ಲದ ಆ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾ ವಿಷ ಉಂಟುಮಾಡಬಹುದು. ವಾಸನೆಯಲ್ಲಿ, ನೋಟದಲ್ಲಿ ಸುಳಿವೇ ಸಿಗದಿರಬಹುದು. ಬೆಳ್ಳುಳ್ಳಿಯನ್ನು ಬಾಣಲೆಗೇ ಹಾಕಿ ಎಂದು ಒತ್ತಿ ಹೇಳಲು ಇದೂ ಒಂದು ಕಾರಣ.

ಹೆಚ್ಚು ದಿನಕ್ಕೆ ಬೇಕಿದ್ದರೆ ಕಾರ್ನ್‌ಫ್ಲೋರ್ ಹಾಕದೆ, ಐಸ್ ಟ್ರೇಯಲ್ಲಿ ಸುರಿದು ಫ್ರೀಜರ್‌ನಲ್ಲಿಡಿ. ಎರಡು ಮೂರು ತಿಂಗಳು ರುಚಿ ಹೋಗುವುದಿಲ್ಲ. ಕಾರ್ನ್‌ಫ್ಲೋರ್ ಹಾಕಿ ಬೇಯಿಸಿದ ಸಾಸ್ ಹೆಪ್ಪುಗಟ್ಟಿ ಕರಗಿದಾಗ ನೀರೊಡೆಯುತ್ತದೆ.

ಲೇಬಲ್‌ನಲ್ಲಿ ಸಕ್ಕರೆ ಯಾವ ಹೆಸರಿನಲ್ಲಿ ಅಡಗಿರುತ್ತದೆ?

ಡೆಕ್ಸ್‌ಟ್ರೋಸ್, ಮಾಲ್ಟೋಸ್, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಫ್ರಕ್ಟೋಸ್, ಹಣ್ಣಿನ ರಸದ ಸಾಂದ್ರ, ಕಾಕಂಬಿ. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯ ಲೆಕ್ಕಕ್ಕೆ ಬಾರದಿದ್ದರೂ ರಕ್ತದ ಗ್ಲೂಕೋಸ್ ಅನ್ನು ಬೇಗ ಏರಿಸುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ, ಮೊದಲ ಮೂರರೊಳಗೆ ಇವುಗಳಲ್ಲೊಂದು ಇದ್ದರೆ ಬಾಟಲಿ ವಾಪಸ್ ಇಡಿ. ಸಕ್ಕರೆ ಎಷ್ಟು ಎಂದು ಕಣ್ಣಿಗೆ ಕಟ್ಟಬೇಕಿದ್ದರೆ ಗ್ರಾಂ ಲೆಕ್ಕವನ್ನು 4ರಿಂದ ಭಾಗಿಸಿ, ಅಷ್ಟು ಸಣ್ಣ ಚಮಚ.

ಮಧುಮೇಹ ಇರುವವರು ಈ ಸಾಸ್ ನಿಶ್ಚಿಂತೆಯಿಂದ ತಿನ್ನಬಹುದೇ?

ಸಾಸ್‌ನ ಮಟ್ಟಿಗೆ ಸಕ್ಕರೆಯ ಚಿಂತೆ ಬೇಡ. ಆದರೆ ತಟ್ಟೆಯಲ್ಲಿ ಅದರ ಜೊತೆ ಎಷ್ಟು ಅನ್ನ, ಎಷ್ಟು ನೂಡಲ್ಸ್ ಇದೆ ಎಂಬುದು ಸಾಸ್‌ಗಿಂತ ದೊಡ್ಡ ಲೆಕ್ಕ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಟೋಫು, ಮೊಟ್ಟೆ ಅಥವಾ ಮಾಂಸ, ಉಳಿದ ಕಾಲಿನಲ್ಲಿ ಅನ್ನ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ. ರಕ್ತದೊತ್ತಡ ಇದ್ದರೆ ಸೋಡಿಯಂ ಕಡೆಗೆ ನೋಡಲೇಬೇಕು. ಪೊಟ್ಯಾಸಿಯಂ ಬೆರೆಸಿದ ಬದಲಿ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಇದೇ ಸಾಸ್‌ನಿಂದ ಬೇರೆ ರುಚಿಗಳನ್ನು ಮಾಡಬಹುದೇ?

ಖಂಡಿತ. ಒಂದೂವರೆ ಚಮಚ ಕರಿಮೆಣಸನ್ನು ತರಿತರಿಯಾಗಿ ಕುಟ್ಟಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಅರಳಿಸಿದರೆ ಪೆಪ್ಪರ್ ಸಾಸ್. ಅಣಬೆ, ದಪ್ಪ ಮೆಣಸಿನಕಾಯಿಗೆ ಇದರಷ್ಟು ಚೆನ್ನಾಗಿ ಹೊಂದುವುದು ಬೇರಿಲ್ಲ. ಎರಡು ಚಮಚ ಸಿಹಿಯಿಲ್ಲದ ಶೇಂಗಾ ಬೆಣ್ಣೆ, ಒಣಮೆಣಸಿನ ಚೂರು, ನಿಂಬೆರಸ ಸೇರಿಸಿದರೆ ನೂಡಲ್ಸ್‌ಗೆ ಆಗುವ ಗಟ್ಟಿ ಸಾಸ್. ಇದಕ್ಕೆ ಕಾರ್ನ್‌ಫ್ಲೋರ್ ಬೇಡ. ಒಂದು ಚಮಚ ಟೊಮೆಟೊ ಪೇಸ್ಟ್ ಅನ್ನು ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಬಣ್ಣ ಕಡುವಾಗುವವರೆಗೆ ಬಾಡಿಸಿ ಆಮೇಲೆ ಸಾಸ್ ಸುರಿದರೆ, ಹೊರಗಿನ ಸಕ್ಕರೆ ಇಲ್ಲದೆ ಹುಳಿ-ಸಿಹಿಯ ನೆರಳು ಬರುತ್ತದೆ. ಪೇಸ್ಟ್‌ನ ಲೇಬಲ್‌ನಲ್ಲಿ ಟೊಮೆಟೊ ಬಿಟ್ಟು ಬೇರೇನೂ ಇಲ್ಲ ಎಂದು ಖಚಿತಪಡಿಸಿಕೊಳ್ಳಿ, ಕೆಚಪ್ ಇದಕ್ಕೆ ಬದಲಿಯಲ್ಲ.